ಕೋವಿ ಯಾರ ಕೈಯಲ್ಲಿ? ಕೀಲಿ ಯಾರ ಬಳಿ?

"ಕೋವಿ, ಪಿಸ್ತೂಲಿನ ಉಸಾಬರಿ ನಮಗ್ಯಾಕಪ್ಪಾ? ಅದೇನಿದ್ದರೂ ಗಂಡಸರ ಮಾತು" ಎಂದು ಪುಟ ಮಗುಚಿಬಿಡಬೇಡಿ. ಸ್ವಲ್ಪ ಯೋಚಿಸಿದರೆ ಇದು ಮನೆಯ ಮಾತೇ ಎಂಬುದು ನಿಮಗೇ ಹೊಳೆಯುತ್ತದೆ.

ಬೆಂಗಳೂರಿನ ಪೂರ್ವಕ್ಕಿರುವ ಗರುಡಾಚಾರ್‌ಪಾಳ್ಯವನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಹಳ್ಳಿ. ಈಗ ಅಪಾರ್ಟ್‌ಮೆಂಟುಗಳು, ಪಕ್ಕದಲ್ಲೇ ಮಾಲು, 2023ರ ಮಾರ್ಚಿನಿಂದ ಮೆಟ್ರೋ ನಿಲ್ದಾಣ. ಇಲ್ಲಿ ಕೋವಿ ಕಣ್ಣಿಗೆ ಬೀಳುವುದು ಎಟಿಎಮ್ಮಿಗೆ ಹಣ ತರುವ ವ್ಯಾನಿನ ಕಾವಲುಗಾರನ ಹೆಗಲಲ್ಲಿ, ಅಷ್ಟೆ. ಆದರೆ ಕಂಪ್ಯೂಟರ್ ಕೆಲಸ ಹಿಡಿದು ಅಮೆರಿಕದಲ್ಲಿ ಸಂಸಾರ ಹೂಡಿದ ಮಕ್ಕಳು ಈ ಕಡೆಯ ಎಷ್ಟೋ ಮನೆಗಳಲ್ಲಿದ್ದಾರೆ. ಅಲ್ಲಿನ ಶಾಲೆಯೊಂದರಲ್ಲಿ ಗುಂಡು ಹಾರಿತೆಂದು ಟಿವಿ ಹೇಳಿದ ರಾತ್ರಿ ಇಲ್ಲಿ ಅಜ್ಜಿಯ ಕಣ್ಣಿಗೆ ನಿದ್ದೆ ಹತ್ತೀತೇ?

ಅಲ್ಲಿ ಹಕ್ಕು

ಅಮೆರಿಕದಲ್ಲಿ ಆಯುಧ ಹೊಂದುವುದು 1791ರಿಂದ ಸಂವಿಧಾನದಲ್ಲೇ ಬರೆದಿಟ್ಟ ಹಕ್ಕು. ಆತ್ಮರಕ್ಷಣೆಗೆ ಮನೆಯಲ್ಲಿ ಕೋವಿ ಇಟ್ಟುಕೊಳ್ಳಬಹುದೆಂದು 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಹೇಳಿತು. "ಪೊಲೀಸರು ಬರುವಷ್ಟರಲ್ಲಿ ಕಳ್ಳ ಕೆಲಸ ಮುಗಿಸಿರುತ್ತಾನೆ, ಒಳ್ಳೆಯವರ ಕೈ ಕಟ್ಟಿಹಾಕಿದರೆ ಕೆಟ್ಟವರಿಗೇ ಲಾಭ" ಎಂಬುದು ಹಕ್ಕು ಬೇಕೆನ್ನುವವರ ವಾದ. ಒಂಟಿ ಹೆಂಗಸಿಗೆ ಈ ಮಾತು ಸುಳ್ಳೆನ್ನಿಸುವುದಿಲ್ಲ. ಆದರೆ 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡೆಯಲ್ಲಿ 18 ತುಂಬಿದ ಹುಡುಗನೊಬ್ಬ ಕಾನೂನುಬದ್ಧವಾಗಿಯೇ ಕೊಂಡ ರೈಫಲ್ಲಿನಿಂದ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದ. ಆ ತಾಯಂದಿರಿಗೆ ಯಾವ ವಾದ ಹೇಳೋಣ?

ಇನ್ನೊಂದು ಪ್ರಸಂಗವನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು. 2021ರ ನವೆಂಬರ್ 30, ಮಿಚಿಗನ್ನಿನ ಆಕ್ಸ್‌ಫರ್ಡ್ ಊರಿನ ಶಾಲೆ. ಹದಿನೈದರ ಹುಡುಗ ಪಾಠದ ಹಾಳೆಯ ಮೇಲೆ ಪಿಸ್ತೂಲು, ರಕ್ತದ ಚಿತ್ರ ಬರೆದು, ಸಹಾಯ ಬೇಡುವ ಮಾತನ್ನೂ ಗೀಚಿದ್ದ. ಶಾಲೆಯವರು ತಂದೆತಾಯಿಯನ್ನು ಕರೆಸಿದರು. ನಾಲ್ಕು ದಿನದ ಹಿಂದಷ್ಟೇ ತಂದೆ ಪಿಸ್ತೂಲು ಕೊಂಡಿದ್ದ. ಇಬ್ಬರೂ ಅದರ ಮಾತೆತ್ತಲಿಲ್ಲ, ಮಗನನ್ನು ಮನೆಗೆ ಕರೆದೊಯ್ಯಲೂ ಇಲ್ಲ. ಯಾರೂ ಚೀಲ ತೆರೆದು ನೋಡಲಿಲ್ಲ. ಅಂದು ಮಧ್ಯಾಹ್ನ ನಾಲ್ವರು ವಿದ್ಯಾರ್ಥಿಗಳ ಪ್ರಾಣ ಹೋಯಿತು. 2024ರಲ್ಲಿ ಮೊದಲು ತಾಯಿ, ಆಮೇಲೆ ತಂದೆ ಅಪರಾಧಿಗಳೆಂದು ತೀರ್ಮಾನವಾಗಿ, ಇಬ್ಬರಿಗೂ ಕಡಿಮೆಯೆಂದರೆ ಹತ್ತು ವರ್ಷದ ಸೆರೆಯಾಯಿತು.

ಇದೊಂದೇ ಅಲ್ಲ. 41 ಶಾಲಾ ದಾಳಿಗಳನ್ನು ಪರಿಶೀಲಿಸಿ ಅಮೆರಿಕದ ಸೀಕ್ರೆಟ್ ಸರ್ವೀಸ್ 2019ರಲ್ಲಿ ಒಂದು ವರದಿ ಕೊಟ್ಟಿತು. ಕೋವಿ ಬಳಸಿದವರಲ್ಲಿ ಹೆಚ್ಚಿನವರಿಗೆ ಅದು ಸಿಕ್ಕಿದ್ದು ಹೆತ್ತವರ ಅಥವಾ ಹತ್ತಿರದ ಬಂಧುಗಳ ಮನೆಯಲ್ಲೇ! ಈಗ ಹೇಳಿ, ಇದು ಮನೆಯ ಮಾತಲ್ಲವೇ?

ಇಲ್ಲಿ ಅಪ್ಪಣೆ

ನಮ್ಮಲ್ಲಿ ಕೋವಿ ಹಕ್ಕಲ್ಲ, ಅಪ್ಪಣೆ. 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕು; ಬೆಂಗಳೂರಿನಲ್ಲಿ ಕೊಡುವವರು ಪೊಲೀಸ್ ಕಮಿಷನರು. 21 ತುಂಬಿರಬೇಕು, ಪೊಲೀಸರ ವರದಿ ಬರಬೇಕು, ಮನಸ್ಸು ಸ್ವಸ್ಥವಾಗಿರಬೇಕು. 2019ರ ತಿದ್ದುಪಡಿಯಿಂದ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ. ಮದುವೆ, ಮೆರವಣಿಗೆಯ ಸಡಗರದಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಹಾಗಂತ ಕಾಯಿದೆಯೊಂದೇ ಕಾಯುತ್ತದೆಯೇ? 2017ರ ಸೆಪ್ಟೆಂಬರ್ 5ರ ರಾತ್ರಿ ಪತ್ರಕರ್ತೆ ಗೌರಿ ಲಂಕೇಶ್ ಇದೇ ಬೆಂಗಳೂರಿನಲ್ಲಿ ತಮ್ಮ ಮನೆಯ ಮುಂದೆಯೇ ನಾಡ ಪಿಸ್ತೂಲಿನ ಗುಂಡಿಗೆ ಬಲಿಯಾದರು. ಕಳ್ಳ ಆಯುಧಕ್ಕೆ ಪರವಾನಗಿಯ ಹಂಗಿಲ್ಲ.

ಕೊಡಗಿನ ಮಾತೇ ಬೇರೆ

ನಮ್ಮ ರಾಜ್ಯದಲ್ಲೇ ಕೋವಿಗೆ ಪರವಾನಗಿ ಬೇಡದವರೂ ಇದ್ದಾರೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಭೂಮಿಯ ಒಡೆಯರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ನಡೆದುಬಂದಿದೆ. ಇದು ಜಾತಿ, ಜಮೀನು ನೋಡಿ ಮಾಡಿದ ತಾರತಮ್ಯವೆಂದು ನಿವೃತ್ತ ಸೇನಾಧಿಕಾರಿಯೊಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಅದು ಎಂದೆಂದಿಗೂ ಕೊಟ್ಟದ್ದಲ್ಲ. 2029ರವರೆಗೆ, ಷರತ್ತುಗಳ ಮೇಲೆ ಕೊಟ್ಟದ್ದು.

ಅಲ್ಲಿ ಕೋವಿಗೆ ಪೂಜೆಯುಂಟು, ಗಂಡು ಮಗು ಹುಟ್ಟಿದರೆ ಗುಂಡಿನ ಸದ್ದುಂಟು, ತೆಂಗಿನಕಾಯಿಗೆ ಗುರಿಯಿಡುವ ಪಂದ್ಯದಲ್ಲಿ ಹೆಂಗಸರೂ ಉಂಟು. ಸೆಪ್ಟೆಂಬರಿನ ಕೈಲ್‌ಪೋಳ್ದ್ ಹಬ್ಬವೆಂದರೆ ನಮಗೆ ಕಡುಂಬುಟ್ಟಿನ ನೆನಪು. ಅದರ ಹಿಂದಿನ ಪದ್ಧತಿ ನೋಡಿ: ಗದ್ದೆಯ ಕೆಲಸ ಮುಗಿಯುವ ತನಕ ಆಯುಧಗಳು ದೇವರ ಕೋಣೆಯಾದ ಕನ್ನಿಕೋಂಬರೆಯಲ್ಲಿರಬೇಕು; ಹಬ್ಬದ ದಿನ ಹೊರತೆಗೆದು, ಹೂವಿಟ್ಟು, ಹಿರಿಯರ ಎದುರಿನಲ್ಲಿ ಕೈಗೆತ್ತಿಕೊಳ್ಳಬೇಕು. ಕೋವಿ ಇಟ್ಟುಕೊಂಡವರೇ ಅದನ್ನು ಒಳಗಿಡುವ ಕಾಲವನ್ನೂ ಗೊತ್ತುಮಾಡಿದ್ದರು! ಬೇಟೆಯಲ್ಲಿ, ಜಗಳದಲ್ಲಿ ಅವಘಡಗಳು ಅಲ್ಲೂ ಆಗಿವೆ, ನಿಜ. ಆದರೆ ಆ ಪದ್ಧತಿಯ ಪಾಠ ಎಲ್ಲರಿಗೂ ಬೇಕಾದದ್ದೇ.

ನಾವೇನು ಮಾಡಬಹುದು?

1. ಮನೆಯಲ್ಲಿ ಪರವಾನಗಿಯ ಕೋವಿ ಇದ್ದರೆ ಗುಂಡು ತೆಗೆದಿಡಲಿ. ಕೋವಿಗೊಂದು ಬೀಗ, ತೋಟಾಗಳಿಗೆ ಬೇರೊಂದು ಬೀಗ. ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಡುವುದು ಭದ್ರತೆಯಲ್ಲ. ಮಕ್ಕಳಿಗೆ ಗೊತ್ತಿಲ್ಲದ ಜಾಗ ಯಾವ ಮನೆಯಲ್ಲಿದೆ, ಹೇಳಿ?

2. ಮನೆಯವರು ಕುಡಿತಕ್ಕೆ ಬಿದ್ದಿದ್ದರೆ, ಸಾಯುವ ಅಥವಾ ಕೊಲ್ಲುವ ಮಾತಾಡಿದರೆ, "ಕೋಪದಲ್ಲಿ ಅಂದದ್ದು ಬಿಡಿ" ಎನ್ನಬೇಡಿ. ಕೋವಿಯನ್ನು ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಠೇವಣಿ ಇಡಿಸಿ. ಒಪ್ಪದಿದ್ದರೆ ಪರವಾನಗಿ ಕೊಟ್ಟ ಅಧಿಕಾರಿಗೆ ಬರೆಯಿರಿ. ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಅವರಿಗಿದೆ. ತುರ್ತಿಗೆ 112. ಮನಸ್ಸಿನ ತೊಂದರೆಗೆ ಸರಕಾರದ ಟೆಲಿ-ಮಾನಸ್ 14416.

3. ಅಮೆರಿಕದಲ್ಲಿರುವ ಮಗಳಿಗೆ, ಸೊಸೆಗೆ ಹೇಳಿ: ಮಗುವನ್ನು ಗೆಳೆಯನ ಮನೆಗೆ ಆಡಲು ಕಳಿಸುವಾಗ, "ನಿಮ್ಮಲ್ಲಿ ಕೋವಿ ಇದೆಯೇ? ಬೀಗ ಹಾಕಿದೆಯೇ?" ಎಂದು ಕೇಳಲು ಸಂಕೋಚ ಬೇಡ. ಕಡಲೆಬೀಜ ಆಗದ ಮಗುವಿದ್ದರೆ ತಿಂಡಿಯ ವಿಚಾರ ಕೇಳುವುದಿಲ್ಲವೇ? ಕ್ಯಾಲಿಫೋರ್ನಿಯದಂಥ ರಾಜ್ಯಗಳಲ್ಲಿ ಅಪಾಯ ಕಂಡರೆ ಮನೆಯವರೇ ಕೋರ್ಟಿಗೆ ಅರ್ಜಿ ಕೊಟ್ಟು ಕೋವಿಯನ್ನು ತಾತ್ಕಾಲಿಕವಾಗಿ ತೆಗೆಸಬಹುದು.

4. ಮಗ ಮಂಕಾಗಿ ಕೂತರೆ, ಗೆಳೆಯರನ್ನು ಬಿಟ್ಟರೆ, ಯಾರನ್ನೋ ಮುಗಿಸುವ ಮಾತು ಬರೆದರೆ, ಗದರುವ ಮೊದಲು ಪಕ್ಕದಲ್ಲಿ ಕೂತು ಕೇಳಿ. ಆಮೇಲೆ ಶಾಲೆಯವರೊಡನೆ ಮುಚ್ಚುಮರೆಯಿಲ್ಲದೆ ಮಾತಾಡಿ.

ಹಕ್ಕೋ ಅಪ್ಪಣೆಯೋ ಎಂಬ ವಾದವನ್ನು ಕೋರ್ಟುಗಳು, ಶಾಸನಸಭೆಗಳು ನಡೆಸಲಿ. ನಾವೂ ಅಭಿಪ್ರಾಯ ಹೇಳೋಣ. ಆದರೆ ಬೀಗ ಬಿದ್ದಿದೆಯೇ ಎಂದು ಇಂದು ರಾತ್ರಿಯೇ ನೋಡುವುದಕ್ಕೆ ಯಾವ ತೀರ್ಪನ್ನೂ ಕಾಯಬೇಕಾಗಿಲ್ಲ.