ಮುತ್ಯಾಗೆ ತೋರಿಸಿದ ಕಾಗದ

ನಮ್ಮದು ಯಾದಗಿರಿ ಜಿಲ್ಲೆಯ ಸುರಪುರ, ಬೇಡ ನಾಯಕರು ಆಳಿದ ಊರು. ಇಲ್ಲಿ ಬೇಟೆಯ ಕಥೆ ಕೇಳದೆ ಬೆಳೆದವರು ಕಡಿಮೆ. 'ಮೊದಲ ಪಗಾರದಾಗ ಬೋಲ್ಟ್ ಆ್ಯಕ್ಷನ್ ರೈಫಲ್ ತಗೋತೀನಿ ಮುತ್ಯಾ' ಎನ್ನುತ್ತಿದ್ದೆ. ಯಾವುದು ಒಳ್ಳೆಯದೆಂದು ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಹುಡುಕಿದ್ದೂ ಉಂಟು.

ಆಮೇಲೆ ಕಾನೂನು ಓದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕಿನ ಲೈಸೆನ್ಸ್‌ಗೆ 21 ವರ್ಷ ತುಂಬಿರಬೇಕು. ನನಗಿನ್ನೂ 20. ಲೈಸೆನ್ಸ್ ಸಿಕ್ಕರೂ ಬೇಟೆಯಾಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊಲಕ್ಕೂ ರಕ್ಷಣೆಯಿದೆ.

ಕಳೆದ ಬೇಸಿಗೆಯಲ್ಲಿ ಶಹಾಪುರದ ಗೆಳೆಯ ರಾತ್ರಿ ಮೊಲ ಹೊಡೆಯಲು ಕರೆದ. 'ಒಂದು ಕೇಸ್ ಬಿದ್ದರ ನೌಕರಿ ಆಸೆ ಬಿಡಬೇಕಲೇ' ಅಂದೆ. ಅವನು ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದ. ಸುಮ್ಮನಾದ.

ನನ್ನ ಕೈಗೆ ಬಂದ ಮೊದಲ ಬೋಲ್ಟ್ ಆ್ಯಕ್ಷನ್ ಎಂದರೆ ಎನ್‌ಸಿಸಿಯ ಪಾಯಿಂಟ್ 22 ರೈಫಲ್. ಪ್ರತಿ ಗುಂಡಿಗೂ ಬೋಲ್ಟ್ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಕೆಳಗೊತ್ತಬೇಕು. ಅವಸರ ಮಾಡಿದರೆ ಗುರಿ ತಪ್ಪಿತೆಂದೇ ಲೆಕ್ಕ. 25 ಮೀಟರ್ ದೂರದ ಕಾಗದಕ್ಕೆ ಐದು ಗುಂಡು ಹೊಡೆದೆ, ಮೂರು ತಾಗಿದವು.

ಆ ಕಾಗದ ಮುತ್ಯಾಗೆ ತೋರಿಸಿದೆ. ಕನ್ನಡಕ ಏರಿಸಿ ತೂತು ಎಣಿಸಿದ. 'ಇನ್ನೆರಡು ಎಲ್ಲಿ ಹೋದವೋ?' ಅಂದ.