ಜೋಳಿಗೆ ಎಂಬ ಯಂತ್ರ

ಬಸವಕಲ್ಯಾಣದ ಹಳೆಯ ಮಾಳಿಗೆ ಮನೆಗಳಲ್ಲಿ ಕೂಸನ್ನು ತೂಗುವ ಜೋಳಿಗೆ ಕಟ್ಟಲು ತೊಲೆ ಇರುತ್ತಿತ್ತು. ಈಗ ಹುಮನಾಬಾದಿನ ಹೊಸ ಬಡಾವಣೆಗಳಲ್ಲಿ ಸ್ಲ್ಯಾಬ್ ಹಾಕಿಸುವಾಗಲೇ ಮೇಸ್ತ್ರಿಗೆ ಹೇಳಿ ಒಂದು ಕಬ್ಬಿಣದ ಕೊಂಡಿ ಬಿಡಿಸಿಕೊಳ್ಳುತ್ತಾರೆ. ತೊಗರಿ ಹೊಲದ ಬದುವಿನಲ್ಲಾದರೆ ಬೇವಿನ ಕೊಂಬೆಯೇ ಸಾಕು. ಹಳೆಯ ಸೀರೆ, ಒಂದಿಷ್ಟು ಹಗ್ಗ, ಎರಡು ಗಂಟು. ಇಷ್ಟಕ್ಕೆ ಯಂತ್ರವೆಂಬ ದೊಡ್ಡ ಹೆಸರು ಏಕೆ ಎನ್ನಬೇಡಿ. ಅದರೊಳಗೆ ಒಳ್ಳೆಯ ಲೆಕ್ಕವಿದೆ.

ಜೋಳಿಗೆ ಒಂದು ಲೋಲಕ. ಅದು ಒಮ್ಮೆ ಹೋಗಿಬರಲು ಹಿಡಿಯುವ ಹೊತ್ತು ಹಗ್ಗದ ಉದ್ದವನ್ನು ಅವಲಂಬಿಸಿದೆಯೇ ಹೊರತು ಕೂಸಿನ ತೂಕವನ್ನಲ್ಲ. ಕೊಂಡಿಯಿಂದ ಕೂಸಿನವರೆಗೆ 8 ಅಡಿ ಇದ್ದರೆ ಒಂದು ತೂಗಿಗೆ ಸುಮಾರು 3.1 ಸೆಕೆಂಡು; ಬೇವಿನ ಕೊಂಬೆಯಿಂದ 5 ಅಡಿ ಇಳಿಬಿಟ್ಟರೆ 2.5 ಸೆಕೆಂಡು. ಮೂರು ತಿಂಗಳ ಕೂಸಾದರೂ ಒಂದೂವರೆ ವರ್ಷದ್ದಾದರೂ ಲಯ ಅದೇ. ಅಜ್ಜಿ ತುಸು ಜೋರಾಗಿ ತೂಗಿದರೆ ಜೋಳಿಗೆ ಹೆಚ್ಚು ದೂರ ಹೋಗುತ್ತದೆ, ಆದರೆ ಹೊತ್ತು ಹೆಚ್ಚುಕಡಿಮೆ ಬದಲಾಗುವುದಿಲ್ಲ. ಪೇಟೆಯಲ್ಲಿ ಸಿಗುವ ಸ್ಪ್ರಿಂಗ್ ಜೋಳಿಗೆಯ ಗುಣ ಬೇರೆ. ಕೂಸನ್ನು ಹಾಕಿದಾಗ ಸ್ಪ್ರಿಂಗು 25 ಸೆಂಟಿಮೀಟರ್ ಜಗ್ಗಿದರೆ ಅದು ಸುಮಾರು ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ಆಡುತ್ತದೆ. ಕೂಸು ಬೆಳೆದು ಭಾರವಾದಂತೆ ಅದರ ಲಯ ನಿಧಾನವಾಗುತ್ತದೆ.

ಜೋಳಿಗೆಯೊಳಗಿನ ಕೂಸಿಗೆ ಅನುಭವವಾಗುವುದೇನು? ಪಕ್ಕಕ್ಕೆ ಎಳೆದಂತೆ ಆಗುವುದಿಲ್ಲ, ಏಕೆಂದರೆ ಬಟ್ಟೆಯೂ ಕೂಸೂ ಒಟ್ಟಿಗೇ ವಾಲುತ್ತವೆ. ಬದಲಾಗುವುದು ಭಾರ. 20 ಡಿಗ್ರಿಯಷ್ಟು ತೂಗಿದರೆ, ಕೆಳಗೆ ಹಾದುಹೋಗುವಾಗ ಕೂಸಿಗೆ ತನ್ನ ಮೈ ಶೇಕಡಾ 12ರಷ್ಟು ಭಾರ ಎನಿಸುತ್ತದೆ, ತುದಿಯಲ್ಲಿ ಶೇಕಡಾ 6ರಷ್ಟು ಹಗುರ. ಒಂದು ತೂಗಿನಲ್ಲಿ ಎರಡು ಸಲ ಭಾರ, ಎರಡು ಸಲ ಹಗುರ. ಇದನ್ನು ಅಳೆಯುವುದು ಒಳಗಿವಿಯಲ್ಲಿರುವ ಸುಣ್ಣದ ಸಣ್ಣ ಹರಳುಗಳು. ಅವು ಅಲುಗಿದಾಗ ಕೆಳಗಿನ ರೋಮಕೋಶಗಳು ಮೆದುಳಿಗೆ ಸುದ್ದಿ ಕಳಿಸುತ್ತವೆ.

ಆ ಸುದ್ದಿಗೂ ನಿದ್ದೆಗೂ ನಂಟಿದೆ ಎಂಬುದಕ್ಕೆ ಪ್ರಯೋಗದ ಆಧಾರವಿದೆ. 2011ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ 4 ಸೆಕೆಂಡಿಗೊಮ್ಮೆ ಮೆಲ್ಲಗೆ ತೂಗುವ ಮಂಚದ ಮೇಲೆ ದೊಡ್ಡವರನ್ನೇ ಹಗಲು ಮಲಗಿಸಿದರು. ಅಲುಗದ ಮಂಚಕ್ಕಿಂತ ಬೇಗ ಅವರಿಗೆ ನಿದ್ದೆ ಹತ್ತಿತು. 2019ರಲ್ಲಿ ಇಲಿಗಳನ್ನು ತೂಗಿ ನೋಡಿದರು. ಒಳಗಿವಿಯ ಹರಳುಗಳು ಕೆಲಸ ಮಾಡದ ಇಲಿಗಳಿಗೆ ತೂಗುವುದರಿಂದ ಏನೂ ಪ್ರಯೋಜನವಾಗಲಿಲ್ಲ.

ಹೀಗಿದ್ದೂ ಕೆಲವು ಮಧ್ಯಾಹ್ನ ಎಷ್ಟು ತೂಗಿದರೂ ಕೂಸು ಬೆನ್ನು ಬಿಲ್ಲಿನಂತೆ ಬಾಗಿಸಿ ಚೀರುತ್ತದೆ. ಮಲಗಿದರೂ ಅರ್ಧ ತಾಸಿಗೆ ಎದ್ದು ಕೂರುತ್ತದೆ. ಇದರಲ್ಲಿ ತಪ್ಪು ಯಂತ್ರದ್ದಲ್ಲ, ವೇಳೆಯದು.

ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತ ಹೋಗುತ್ತದೆ, ನಿದ್ದೆಯ ಒತ್ತಡ ಏರುತ್ತದೆ. ಚಿಕ್ಕ ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಬೇಗ ಏರುತ್ತದೆ. ಆರೇಳು ತಿಂಗಳ ಕೂಸು ಎರಡು ಮೂರು ತಾಸು ಎಚ್ಚರವಿದ್ದರೆ ಸಾಕಾಗುತ್ತದೆ. ವರ್ಷ ತುಂಬಿದ ಮೇಲೆ ಮೂರು ನಾಲ್ಕು ತಾಸು ತಡೆದೀತು. ಆ ಹೊತ್ತು ಮೀರಿದರೆ ದಣಿವೇ ಅಳುವಾಗುತ್ತದೆ, ಅಳು ಎದೆಬಡಿತವನ್ನು ಏರಿಸುತ್ತದೆ, ಏರಿದ ಎದೆಬಡಿತ ನಿದ್ದೆಯನ್ನು ತಡೆಯುತ್ತದೆ. ಮನೆಗೆ ನೆಂಟರು ಬಂದ ದಿನ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ದಿನ ಆಗುವುದು ಇದೇ. ಕೂಸು ಕೈಯಿಂದ ಕೈಗೆ ತಿರುಗುತ್ತದೆ, ಯಾರೂ ಮಲಗಿಸುವುದಿಲ್ಲ. ಗಡಿಯಾರಕ್ಕಿಂತ ಕೂಸಿನ ಮುಖವನ್ನು ನಂಬುವುದೇ ಮೇಲು. ಕಿವಿ ಉಜ್ಜುವುದು, ನೋಟ ಒಂದೇ ಕಡೆ ನಿಲ್ಲುವುದು, ಆಟಿಕೆಯಿಂದ ಮುಖ ತಿರುಗಿಸುವುದು ಕಂಡಾಗಲೇ ಅನುಭವಸ್ಥ ಹೆಂಗಸರು "ನಿದ್ದಿಗಿ ಬಂದದ, ಜೋಳಗ್ಯಾಗ ಹಾಕ್ರಿ" ಎನ್ನುತ್ತಾರೆ. ಆಕಳಿಕೆ, ಅಳು ಬರುವವರೆಗೆ ಅವರು ಕಾಯುವುದಿಲ್ಲ.

ಇನ್ನು ಅರ್ಧ ತಾಸಿನ ನಿದ್ದೆಯ ಸಮಸ್ಯೆ. ಕೂಸಿನ ಒಂದು ನಿದ್ದೆಯ ಸುತ್ತು 50-60 ನಿಮಿಷದ್ದು, ದೊಡ್ಡವರದಕ್ಕಿಂತ ಚಿಕ್ಕದು. ಅದರ ನಡುವೆ, ಕೊನೆಗೆ ನಿದ್ದೆ ತೆಳುವಾಗುತ್ತದೆ. ಆ ಹೊತ್ತಿಗೆ ಜೋಳಿಗೆ ನಿಂತಿದ್ದರೆ, ಬಾಗಿಲು ಬಡಿದರೆ, ಬೆಳಕು ಕಣ್ಣಿಗೆ ಬಿದ್ದರೆ ಪೂರ್ತಿ ಎಚ್ಚರವೇ. ಜೋಳಿಗೆಯ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಬೇಳೆ ಹಸನು ಮಾಡುತ್ತ ಕೂರುತ್ತಿದ್ದ ತಾಯಂದಿರು ಈ ಗಳಿಗೆಯನ್ನು ದಾಟಿಸುತ್ತಿದ್ದರು. ಕೂಸು ಮಿಸುಕಿದಾಗ ಎತ್ತಿಕೊಳ್ಳಲು ಓಡದೆ ಒಂದೆರಡು ನಿಮಿಷ ಮೆಲ್ಲಗೆ ತೂಗಿದರೆ ಅಥವಾ ಎದೆಯ ಮೇಲೆ ಕೈಯಿಟ್ಟರೆ ಮುಂದಿನ ಸುತ್ತಿಗೆ ಜಾರುವುದುಂಟು. ಕೋಣೆ ಕತ್ತಲಾಗಿರಲಿ, ಮೇ ತಿಂಗಳ ಬೀದರ್ ಬಿಸಿಲಿನಲ್ಲಿ ಗಾಳಿಯಾಡಲಿ, ಕುಲಾಯಿ ಸ್ವೆಟರು ಬೇಡ.

ಹೊತ್ತುಕೊಂಡು ಅಡ್ಡಾಡುವುದೂ ಇದೇ ಕೆಲಸ ಮಾಡುತ್ತದೆ. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದಿಷ್ಟು: ಅಳುವ ಕೂಸನ್ನು ಎತ್ತಿಕೊಂಡು 5 ನಿಮಿಷ ಎಡೆಬಿಡದೆ ನಡೆಯಿರಿ, ನಿದ್ದೆ ಹತ್ತಿದ ಮೇಲೆ 5ರಿಂದ 8 ನಿಮಿಷ ಹಾಗೇ ಹಿಡಿದು ಕುಳಿತಿರಿ, ಆಮೇಲೆ ಮಲಗಿಸಿ. ಕೂಸು ಎಚ್ಚರಗೊಳ್ಳುವುದು ಬೆನ್ನು ಹಾಸಿಗೆಗೆ ತಾಗಿದಾಗಲ್ಲ, ತಾಯಿಯ ಮೈಯಿಂದ ಬಿಡಿಸಿಕೊಳ್ಳುವ ಕ್ಷಣದಲ್ಲಿ ಎಂಬುದು ಅವರು ಕಂಡ ಸ್ವಾರಸ್ಯ.

ಎರಡನ್ನು ಮಾತ್ರ ಮಾಡಬೇಡಿ. ನಿದ್ದೆ ಬರಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವುದು, ನೆಗಡಿ ಕೆಮ್ಮಿನ ಸಿರಪ್ಪು ಕುಡಿಸುವುದು ಎರಡೂ ಅಪಾಯ. ಜಾಯಿಕಾಯಿ ಹೆಚ್ಚಾದರೆ ವಿಷ. ಇಂಥ ಸಿರಪ್ಪುಗಳಲ್ಲಿರುವ ಕ್ಲೋರ್‌ಫೆನಿರಮೈನ್-ಫಿನೈಲೆಫ್ರಿನ್ ಜೋಡಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ.

ಜೋಳಿಗೆಯ ದೋಷವನ್ನೂ ಹೇಳಲೇಬೇಕು. ಎಳೆಗೂಸು ಅದರಲ್ಲಿ ಮಡಚಿಕೊಂಡು ಮಲಗುತ್ತದೆ. ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ, ಬಟ್ಟೆ ಮೂಗಿಗೆ ಮುಚ್ಚಿದರೆ ಯಾರಿಗೂ ತಿಳಿಯುವುದಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗುವುದೇ ಸುರಕ್ಷಿತ ಎನ್ನುತ್ತಾರೆ ಮಕ್ಕಳ ವೈದ್ಯರು. ಆದ್ದರಿಂದ ಕಣ್ಣೆದುರೇ ತೂಗಿ, ನಿದ್ದೆ ಗಟ್ಟಿಯಾದ ಮೇಲೆ ಕೆಳಗೆ ಮಲಗಿಸಿ. ನಡೆಯಲು ಕಲಿತ ಮಕ್ಕಳಿರುವ ಮನೆಯಲ್ಲಿ ಬರಿಯ ಜೋಳಿಗೆಯನ್ನು ಇಳಿಬಿಟ್ಟು ಹೋಗಬೇಡಿ, ಆಟವಾಡುತ್ತ ಸೀರೆ ಕುತ್ತಿಗೆಗೆ ಸುತ್ತಿಕೊಂಡು ಮಕ್ಕಳು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆಲಸ ಮುಗಿದೊಡನೆ ಬಿಚ್ಚಿ ಮೇಲಿಡಿ, ಕೊಂಡಿ ತುಕ್ಕು ಹಿಡಿದಿದೆಯೇ ನೋಡಿ.

ಮನೆಯಾಚೆಗೂ ಇದೇ ಕಾಳಜಿ ಬೇಕು. ಉದ್ಯೋಗ ಖಾತ್ರಿಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ನಿಮ್ಮ ಪಂಚಾಯಿತಿಯಲ್ಲಿ ಅದು ತೆರೆದಿದ್ದರೆ ಒಳಗೆ ಹೋಗಿ ನೋಡಿ: ಮಕ್ಕಳು ಮಲಗಲು ತಂಪಾದ, ಮಂದ ಬೆಳಕಿನ, ಸಮತಟ್ಟಾದ ಜಾಗವಿದೆಯೇ? ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಿ.