ಪ್ರೆಷರ್ ಟ್ಯಾಂಕಿನ ದೋಷವೋ, ಬಾವಿಯ ದೋಷವೋ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಳೆಯ ವಿಷಯದಲ್ಲಿ ಕನ್ನಡ ನಾಡಿನ ಅತಿ ಬಡ ಸೀಮೆಗಳಲ್ಲಿ ಸೇರಿದವು. ವರ್ಷಕ್ಕೆ ಸರಾಸರಿ 20 ಅಂಗುಲದ ಆಚೀಚೆ ಬೀಳುವ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರು, ಅಕ್ಟೋಬರು ತಿಂಗಳುಗಳಲ್ಲಿಯೇ ಬಂದು ಹೋಗುತ್ತದೆ. ನೆಲದ ಅಡಿಯಲ್ಲಿರುವುದು ಗಟ್ಟಿಯಾದ ಕಲ್ಲು. ನೀರು ನಿಲ್ಲುವುದು ಆ ಕಲ್ಲಿನ ಶಿಥಿಲವಾದ ಮೇಲ್ಪದರದಲ್ಲಿಯೂ ಒಳಗಿನ ಬಿರುಕುಗಳಲ್ಲಿಯೂ ಮಾತ್ರ. ಹಿಂದೆ ಕಪಿಲೆ ಹೂಡಿ ನೀರೆತ್ತುತ್ತಿದ್ದ ತೆರೆದ ಬಾವಿಗಳು ಬಹುಮಟ್ಟಿಗೆ ಬತ್ತಿ, ಅವುಗಳ ಸ್ಥಾನಕ್ಕೆ ನೂರಾರು ಅಡಿ ಆಳದ ಕೊಳವೆಬಾವಿಗಳು ಬಂದಿವೆ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರ ತರುವಾಯ 2022ರಲ್ಲಿ ಕೋಡಿ ಬಿದ್ದುದು ಸಂತೋಷದ ಸಂಗತಿಯೇ ಸರಿ. ಆದರೆ ವೇದಾವತಿಯ ಸಾಲಿನಿಂದ ದೂರವಿರುವ ಹೊಲಗಳ ಬಾವಿಗಳಿಗೆ ಆ ನೀರನ್ನು ನಂಬಿಕೊಳ್ಳುವಂತಿಲ್ಲ.

ಹೀಗಿರುವಲ್ಲಿ, ಮನೆಯ ನಲ್ಲಿಯಲ್ಲಿ ನೀರು ತಡವರಿಸಿತೆಂದರೆ ಯಜಮಾನನ ಮನಸ್ಸು ಮೊದಲು ಹೋಗುವುದು ಬಾವಿಯ ಕಡೆಗೆ. ‘ಬೋರು ಹೋಯಿತು’ ಎಂಬ ಮಾತು ಈ ಸೀಮೆಯಲ್ಲಿ ಕೇಳಿ ಕೇಳಿ ಅಭ್ಯಾಸವಾಗಿ ಹೋಗಿದೆ. ಆದರೆ ನಲ್ಲಿ ಕೆಟ್ಟಾಗಲೆಲ್ಲಾ ಹೋಗಿರುವುದು ಬೋರೇ ಎಂದು ತಿಳಿಯತಕ್ಕದ್ದಲ್ಲ. ಕೆಲವು ಸಾರಿ ಬಾವಿಯಲ್ಲಿ ನೀರು ಇದ್ದಷ್ಟು ಇದ್ದು, ಪಂಪಿನ ಮನೆಯ ಮೂಲೆಯಲ್ಲಿ ಕುಳಿತಿರುವ ಪ್ರೆಷರ್ ಟ್ಯಾಂಕು ಮಾತ್ರ ಕೆಟ್ಟಿರುತ್ತದೆ. ಇದನ್ನು ವಿವೇಚಿಸದೆ ಹೊಸ ಕೊಳವೆಬಾವಿ ಕೊರೆಯಿಸಿದಲ್ಲಿ, ತನ್ನ ಹಣವೂ ಹೋಗಿ ನೆರೆಯವನ ಬಾವಿಯ ನೀರೂ ಇಳಿಯುವ ಸಂಭವವುಂಟು. 2011ರ ಕರ್ನಾಟಕ ಅಂತರ್ಜಲ ಕಾಯಿದೆಯ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಮುಂಚಿತವಾಗಿ ಅಪ್ಪಣೆ ಪಡೆಯತಕ್ಕದ್ದೆಂಬುದನ್ನೂ ಗ್ರಾಮದ ಮುಖಂಡರು ಬಲ್ಲರು. ಆದಕಾರಣ ಮೊದಲು ಪರೀಕ್ಷೆ, ಆಮೇಲೆ ಖರ್ಚು.

ಚಾವಣಿಯ ಮೇಲಿನ ತೊಟ್ಟಿಗೆ ನೀರನ್ನೇರಿಸಿ ಅಲ್ಲಿಂದ ನಲ್ಲಿಗೆ ಬಿಡುವ ಮನೆಗಳಿಗೆ ಈ ಟ್ಯಾಂಕಿನ ಅಗತ್ಯವಿಲ್ಲ. ವಿದ್ಯುಚ್ಛಕ್ತಿ ಗೊತ್ತಾದ ಕೆಲವೇ ಗಂಟೆ ಬರುವ ಕಡೆಗಳಲ್ಲಿ ಚಾವಣಿಯ ತೊಟ್ಟಿಯೇ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೊಟ್ಟಿಯು ನಲ್ಲಿಗಿಂತ 10 ಅಡಿ ಎತ್ತರದಲ್ಲಿದ್ದರೆ ದೊರೆಯುವ ಒತ್ತಡ ಚದರ ಅಂಗುಲಕ್ಕೆ ಸುಮಾರು 4 ಪೌಂಡು ಮಾತ್ರ. ಸ್ನಾನದ ಮನೆ, ದನದ ಕೊಟ್ಟಿಗೆ, ಕೈತೋಟ ಇವೆಲ್ಲಕ್ಕೂ ಬಿರುಸಾಗಿ ನೀರು ಬರಬೇಕೆಂದು ಕೆಲವು ಭೂಮಾಲೀಕರು ತಮ್ಮ ತೋಟದ ಮನೆಗಳಲ್ಲಿ ಕೊಳವೆಬಾವಿಯ ಪಂಪಿಗೇ ಪ್ರೆಷರ್ ಟ್ಯಾಂಕನ್ನು ಜೋಡಿಸುವುದುಂಟು. ಪೇಟೆಯ ಮನೆಗಳಲ್ಲಿ ಚಾವಣಿಯ ತೊಟ್ಟಿಯ ಬಳಿ ಸಣ್ಣ ಪಂಪಿನೊಡನೆ ಇಡುವ 24 ಲೀಟರಿನ ಗುಂಡು ಟ್ಯಾಂಕೂ ಇದೇ ಜಾತಿಯದು.

ಇದರ ರಚನೆ ಸುಲಭವಾದುದು. ಉಕ್ಕಿನ ಪಾತ್ರೆಯ ಒಳಗೆ ರಬ್ಬರಿನ ಚೀಲ. ಚೀಲದಲ್ಲಿ ನೀರು, ಚೀಲಕ್ಕೂ ಉಕ್ಕಿಗೂ ನಡುವೆ ಅದುಮಿದ ಗಾಳಿ. ಪಂಪು ನೀರನ್ನು ತುಂಬಿದಂತೆಲ್ಲಾ ಗಾಳಿಯು ಕುಗ್ಗುತ್ತದೆ. ಒತ್ತಡವು 50 ಪೌಂಡಿಗೆ ಏರಿದಾಗ ಪ್ರೆಷರ್ ಸ್ವಿಚ್ಚು ಪಂಪನ್ನು ನಿಲ್ಲಿಸುವುದು. ನಲ್ಲಿ ತಿರುಗಿಸಿದರೆ ಕುಗ್ಗಿದ ಗಾಳಿಯೇ ನೀರನ್ನು ಹೊರಕ್ಕೆ ತಳ್ಳುವುದು. ಪಂಪಿಗೆ ಆಗ ವಿಶ್ರಾಂತಿ. ಒತ್ತಡವು 30 ಪೌಂಡಿಗೆ ಇಳಿದ ಮೇಲೆ ಪಂಪು ಪುನಃ ಹೊರಡುತ್ತದೆ. ಈ ಎರಡು ಅಂಕಗಳು ಸ್ವಿಚ್ಚಿನಿಂದ ಸ್ವಿಚ್ಚಿಗೆ ಬೇರೆಯಾಗಬಹುದು. 20 ಮತ್ತು 40ಕ್ಕೆ ಕಟ್ಟಿದವೂ ಉಂಟು. ಟ್ಯಾಂಕಿನ ಮೈಮೇಲೆ 100 ಲೀಟರೆಂದು ಬರೆದಿದ್ದರೆ ಅಷ್ಟೂ ನೀರು ಸಿಕ್ಕುವುದೆಂದು ಭ್ರಮಿಸಕೂಡದು. 30–50ರ ಏರ್ಪಾಡಿನಲ್ಲಿ, ಗಾಳಿ ಸರಿಯಾಗಿದ್ದರೆ, ಪಂಪು ನಿಂತು ಮತ್ತೆ ಹೊರಡುವುದರೊಳಗೆ ಅದರಿಂದ ಬರುವ ನೀರು ಸುಮಾರು 30 ಲೀಟರು. ಮಿಕ್ಕ ಸ್ಥಳವೆಲ್ಲಾ ಗಾಳಿಯದೂ ಒಳಗೇ ಉಳಿಯುವ ನೀರಿನದೂ ಆಗಿರುತ್ತದೆ.

ಚೀಲ ಹರಿದರೆ, ಅಥವಾ ಗಾಳಿ ಸೋರಿಹೋದರೆ, ಈ 30 ಲೀಟರು ಇಳಿದು ಇಳಿದು ಒಂದೆರಡು ಲೀಟರಿಗೆ ಬರುತ್ತದೆ. ನೀರು ಅದುಮಿದರೆ ಕುಗ್ಗುವ ವಸ್ತುವಲ್ಲ. ಆದಕಾರಣ ಪಂಪು ಹೊರಟ ಕೆಲವು ಸೆಕೆಂಡುಗಳಲ್ಲಿಯೇ ಒತ್ತಡ 50ಕ್ಕೆ ಹಾರಿ ಪಂಪು ನಿಲ್ಲುವುದು. ಒಂದು ಚೊಂಬು ನೀರು ಹಿಡಿಯುವುದರೊಳಗಾಗಿ ಒತ್ತಡ ಬಿದ್ದು ಮತ್ತೆ ಹೊರಡುವುದು. ನಷ್ಟವಿರುವುದು ಇಲ್ಲಿಯೇ. ಮೋಟಾರು ಹೊರಡುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಐದಾರು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ, ಆಗ ಸುರುಳಿಗಳು ಕಾಯುತ್ತವೆ. ಗಂಟೆಗೆ ಒಂದೆರಡು ಸಾರಿ ಹೊರಡಬೇಕಾದ ಮೋಟಾರು ನಿಮಿಷಕ್ಕೆ ನಾಲ್ಕೈದು ಸಾರಿ ಹೊರಟರೆ, ಹಳ್ಳಿಯ ಕಡೆಯ ಇಳಿದ ವೋಲ್ಟೇಜೂ ಅದಕ್ಕೆ ಸೇರಿದರೆ, ಸುಟ್ಟುಹೋಗುವುದಕ್ಕೆ ಬಹಳ ದಿನ ಬೇಡ. ಆ ಮೋಟಾರಾದರೋ ನೂರಾರು ಅಡಿ ಕೆಳಗೆ ನೇತಾಡುತ್ತಿರುವುದು. ಅದನ್ನು ಮೇಲೆತ್ತುವ ಆಳು ಮತ್ತು ಯಂತ್ರದ ಕೂಲಿ, ಸುರುಳಿ ಸುತ್ತಿಸುವ ಖರ್ಚು, ಮತ್ತೆ ಇಳಿಬಿಡುವ ಕೂಲಿ ಇವೆಲ್ಲವನ್ನೂ ಕೂಡಿದರೆ ಒಂದು ಸಾಧಾರಣ ಟ್ಯಾಂಕಿನ ಬೆಲೆ ಅಲ್ಪವೆಂದೇ ತೋರುವುದು.

ಲಕ್ಷಣಗಳು ಮತ್ತು ಪರೀಕ್ಷೆ

ಮೊದಲನೆಯ ಪರೀಕ್ಷೆಗೆ ಒಂದು ಗಡಿಯಾರವೂ 15 ಲೀಟರಿನ ಬಕೀಟೊಂದೂ ಸಾಕು. ಎಲ್ಲಾ ನಲ್ಲಿಗಳನ್ನೂ ಮುಚ್ಚಿ, ಪಂಪು ತಾನಾಗಿ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಟ್ಯಾಂಕಿಗೆ ಸಮೀಪದ ಒಂದೇ ನಲ್ಲಿಯನ್ನು ಬಿಟ್ಟು, ಪಂಪು ಪುನಃ ಹೊರಡುವುದರೊಳಗೆ ಎಷ್ಟು ಬಕೀಟು ತುಂಬಿತೆಂದು ಎಣಿಸಬೇಕು. 100 ಲೀಟರಿನ ಟ್ಯಾಂಕಾದರೆ ಹೆಚ್ಚುಕಡಿಮೆ ಎರಡು ಬಕೀಟು ಬರತಕ್ಕದ್ದು. ಒಂದು ಬಕೀಟೂ ತುಂಬದಿದ್ದರೆ ಟ್ಯಾಂಕಿನಲ್ಲಿ ದೋಷವಿದೆಯೆಂದು ತಿಳಿಯಬಹುದು. ಈ ಸಮಯದಲ್ಲಿ ಒತ್ತಡದ ಗೇಜಿನ ಮುಳ್ಳನ್ನೂ ಗಮನಿಸುವುದು ಒಳ್ಳೆಯದು. ಒಳ್ಳೆಯ ಟ್ಯಾಂಕಿನಲ್ಲಿ ಮುಳ್ಳು ನಿಧಾನವಾಗಿ ಇಳಿಯುವುದು. ಕೆಟ್ಟದ್ದರಲ್ಲಿ ಹಾರಿ ಹಾರಿ ಬೀಳುವುದು.

ಎರಡನೆಯದು ಗಾಳಿಯ ವಾಲ್ವಿನ ಪರೀಕ್ಷೆ. ಟ್ಯಾಂಕಿನ ತುದಿಯಲ್ಲಿ ಮೋಟಾರು ಬಂಡಿಯ ಟೈರಿಗಿರುವಂಥ ವಾಲ್ವೊಂದು ಮುಚ್ಚಳದ ಕೆಳಗೆ ಇರುತ್ತದೆ. ಅದರ ನಡುವಿನ ಕಡ್ಡಿಯನ್ನು ಕ್ಷಣಕಾಲ ಒತ್ತಿದರೆ ಒಣಗಾಳಿ ಬರಬೇಕು. ನೀರು ಚಿಮ್ಮಿದರೆ ಚೀಲ ಹರಿದಿದೆ. ಅದಕ್ಕೆ ಮತ್ತೆ ಸಾಕ್ಷಿ ಬೇಕಿಲ್ಲ. ಗಾಳಿಯೂ ಬಾರದೆ ನೀರೂ ಬಾರದೆ ಇದ್ದರೆ ಗಾಳಿ ಮಾತ್ರ ಸೋರಿಹೋಗಿರಬಹುದು, ಚೀಲ ನೆಟ್ಟಗಿರಬಹುದು. ಆಗ ಪಂಪಿನ ಕರೆಂಟನ್ನು ತೆಗೆದು, ನಲ್ಲಿ ಬಿಟ್ಟು ಒತ್ತಡವನ್ನು ಸೊನ್ನೆಗೆ ಇಳಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ ನೋಡತಕ್ಕದ್ದು. ತುಂಬಿದ ಗಾಳಿ ಒಂದೆರಡು ವಾರದಲ್ಲಿ ಮತ್ತೆ ಇಳಿದರೆ ವಾಲ್ವಿಗೂ ಕೀಲುಗಳಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲಿ ಏಳುವುದೆಂದು ಹುಡುಕಬೇಕು.

ಬೆರಳ ಗೆಣ್ಣಿನಿಂದ ಟ್ಯಾಂಕಿನ ಮೈಯನ್ನು ತಟ್ಟಿ ನೋಡುವುದೂ ಉಪಯುಕ್ತವೇ. ಗಾಳಿಯಿರುವ ಭಾಗ ಟೊಳ್ಳಾಗಿ ಸದ್ದು ಮಾಡುವುದು, ನೀರಿರುವ ಭಾಗ ಮಂದವಾಗಿ. ಅಡಿಯಿಂದ ತುದಿಯವರೆಗೂ ಒಂದೇ ಮಂದಸ್ವರ ಬಂದರೆ, ಅಥವಾ ನೀರು ಬಸಿದ ಮೇಲೂ ಟ್ಯಾಂಕು ಅಲುಗದಷ್ಟು ಭಾರವಾಗಿದ್ದರೆ, ಒಳಗೆಲ್ಲಾ ನೀರು ನುಗ್ಗಿದೆ ಎಂದರ್ಥ.

ಬಾವಿಯ ಲಕ್ಷಣಗಳೇ ಬೇರೆ

ಬಾವಿಯಲ್ಲಿ ನೀರು ಇಳಿದಾಗ ಪಂಪು ಪದೇ ಪದೇ ನಿಲ್ಲುವುದಿಲ್ಲ. ಅದಕ್ಕೆ ವಿರುದ್ಧವಾಗಿ ನಿಲ್ಲದೆ ಓಡುತ್ತಲೇ ಇರುತ್ತದೆ. ಮುಳ್ಳು 35ಕ್ಕೋ 40ಕ್ಕೋ ತೆವಳಿಕೊಂಡು ಏರಿ ಅಲ್ಲಿಯೇ ನಿಲ್ಲುವುದು, 50ನ್ನು ಮುಟ್ಟುವುದಿಲ್ಲ. ನಲ್ಲಿಯಲ್ಲಿ ನೀರಿನೊಡನೆ ಗಾಳಿ ಕೆಮ್ಮುವುದು. ಕೆಲವು ವೇಳೆ ಕೆಸರೋ ಮರಳೋ ಬರುವುದು. ಎರಡು ಗಂಟೆ ಪಂಪನ್ನು ನಿಲ್ಲಿಸಿ ಮತ್ತೆ ನಡೆಸಿದರೆ ಸ್ವಲ್ಪ ಹೊತ್ತು ಚೆನ್ನಾಗಿ ಬಂದು ಪುನಃ ಕುಂದುವುದು. ಏಪ್ರಿಲು, ಮೇ ತಿಂಗಳುಗಳಲ್ಲಿ ಇದು ಹೆಚ್ಚಾಗಿ, ಹಿಂಗಾರು ಮಳೆಯ ತರುವಾಯ ಕಡಿಮೆಯಾದರೆ ಸಂಶಯವು ಬಾವಿಯ ಮೇಲೆಯೇ ಬರತಕ್ಕದ್ದು. ಗಾಳಿ ಕೆಮ್ಮುತ್ತಿರುವ ಪಂಪನ್ನು ಒಡನೆಯೇ ನಿಲ್ಲಿಸಬೇಕು. ಮುಳುಗು ಮೋಟಾರನ್ನು ತಂಪಾಗಿಡುವುದು ಸುತ್ತಲಿನ ನೀರೇ. ಗಾಳಿಯೂ ಕೆಸರೂ ಇಲ್ಲದೆ, ಬಾವಿಯಲ್ಲಿ ನೀರಿನ ಮಟ್ಟವೂ ಹಿಂದಿನಷ್ಟೇ ಇದ್ದು, ಒತ್ತಡ ಮಾತ್ರ ಏರದಿದ್ದರೆ, ಪಂಪಿನ ಒಳಭಾಗಗಳು ಸವೆದಿರಬಹುದು.

ಮೂರನೆಯ ಒಂದು ತೊಂದರೆಯೂ ಉಂಟು. ಯಾರೂ ನಲ್ಲಿ ಮುಟ್ಟದಿರುವ ನಡುರಾತ್ರಿಯಲ್ಲಿ ಪಂಪು ತಾನಾಗಿ ಹೊರಡುತ್ತಿದ್ದರೆ, ನೀರು ಎಲ್ಲಿಯೋ ಸೋರುತ್ತಿದೆ. ಪಂಪು ನಿಂತಿರುವಾಗ ಟ್ಯಾಂಕಿನಿಂದ ಮನೆಗೆ ಹೋಗುವ ಕೊಳವೆಯ ಗೇಟ್ ವಾಲ್ವನ್ನು ಮುಚ್ಚಿ ಮುಳ್ಳನ್ನು ನೋಡಬೇಕು. ಮುಳ್ಳು ನಿಂತರೆ ಸೋರಿಕೆ ಮನೆಯ ಕಡೆ. ಇಳಿಯುತ್ತಲೇ ಹೋದರೆ, ಟ್ಯಾಂಕಿನ ಬಳಿ ಹೊರಗೆ ತೇವ ಕಾಣದಿದ್ದಲ್ಲಿ, ನೀರು ಬಾವಿಗೇ ವಾಪಸಾಗುತ್ತಿದೆ, ಅಂದರೆ ತಡೆವಾಲ್ವು ಕೆಟ್ಟಿದೆ. ಈ ಸೀಮೆಯ ಗಡಸು ನೀರಿನಿಂದ ಸುಣ್ಣ ಕಟ್ಟಿ, ಸ್ವಿಚ್ಚಿಗೆ ಹೋಗುವ ಸಣ್ಣ ಕೊಳವೆ ಮುಚ್ಚಿಕೊಳ್ಳುವುದೂ ಸಾಧ್ಯ. ಅದನ್ನು ಬಿಚ್ಚಿ ತಂತಿಯಿಂದ ಶುದ್ಧಿಮಾಡದೆ ಟ್ಯಾಂಕಿಗೆ ತಪ್ಪು ಹೊರಿಸಬಾರದು. ಅಲ್ಲದೆ, ಟ್ಯಾಂಕು ನೀರನ್ನು ಶೋಧಿಸುವ ಸಾಧನವಲ್ಲ. ನೀರಿನಲ್ಲಿ ಫ್ಲೋರೈಡಿದ್ದರೆ ಹೊಸ ಟ್ಯಾಂಕಿನಿಂದ ಅದು ಹೋಗುವುದಿಲ್ಲ.

ಹೊಸ ಟ್ಯಾಂಕನ್ನು ಕೂಡಿಸುವ ಕ್ರಮ

ಬೋಲ್ಟುಗಳಿಂದ ಬಿಗಿದ ಮುಚ್ಚಳವುಳ್ಳ ಟ್ಯಾಂಕಾದರೆ, ಉಕ್ಕು ತುಕ್ಕು ಹಿಡಿಯದಿದ್ದ ಪಕ್ಷಕ್ಕೆ, ಚೀಲವೊಂದನ್ನೇ ಬದಲಾಯಿಸಬಹುದು. ಬೆಸೆದು ಮುಚ್ಚಿದುದಾದರೆ ಟ್ಯಾಂಕನ್ನೇ ಬದಲಾಯಿಸಬೇಕು. ತುಕ್ಕು ತಿಂದ ಟ್ಯಾಂಕಿಗೆ ತೇಪೆ ಬೆಸೆಯಿಸುವುದು ಅಪಾಯಕರ. ಅದುಮಿದ ಗಾಳಿ ಸಿಡಿದರೆ ಪ್ರಾಣಕ್ಕೂ ಮುಟ್ಟಬಹುದು.

ಅಳತೆಯನ್ನು ಅಂಗಡಿಯವನ ಮಾತಿಗೆ ಬಿಡದೆ ಪಂಪಿನಿಂದಲೇ ಗೊತ್ತುಮಾಡಿಕೊಳ್ಳುವುದು ಲೇಸು. ಪಂಪು ಒಮ್ಮೆ ಹೊರಟರೆ ಒಂದು ನಿಮಿಷವಾದರೂ ಓಡುವಂತಿರಬೇಕೆಂಬುದು ನಿಯಮ. ಪಂಪನ್ನು ನಿಲ್ಲಗೊಡದೆ ನಡೆಸಿ 200 ಲೀಟರಿನ ಡ್ರಮ್ಮೊಂದನ್ನು ತುಂಬಿಸಬೇಕು. ಅದು 4 ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 50 ಲೀಟರಾಯಿತು. ಟ್ಯಾಂಕಿನಿಂದ ದೊರೆಯುವುದು ಅದರ ಅಳತೆಯ ಮೂರನೆಯ ಒಂದು ಪಾಲಿಗೂ ಸ್ವಲ್ಪ ಕಡಮೆಯಾದುದರಿಂದ 170 ಲೀಟರಿನಷ್ಟು ಬೇಕು. 200 ಲೀಟರಿನದನ್ನು ಕೊಳ್ಳಬೇಕು. ದೊಡ್ಡದಾದರೆ ಕೆಡುಕಿಲ್ಲ, ಚಿಕ್ಕದಾದರೆ ಮೋಟಾರಿಗೆ ಹಿಂದಿನ ಕಷ್ಟವೇ. ಟ್ಯಾಂಕು ತಾಳುವ ಒತ್ತಡವು ಅದರ ಚೀಟಿಯಲ್ಲಿ ಬರೆದಿರುತ್ತದೆ. ಅದು ಪಂಪು ನಿಲ್ಲುವ ಒತ್ತಡಕ್ಕಿಂತ ಸಾಕಷ್ಟು ಹೆಚ್ಚಾಗಿರತಕ್ಕದ್ದು.

ಕೆಲಸಕ್ಕೆ ಕೈಹಾಕುವ ಮೊದಲು ಮೈನ್ ಸ್ವಿಚ್ಚನ್ನು ಆರಿಸಿ ಫ್ಯೂಸನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳುವುದು ಕ್ಷೇಮ. ಸ್ವಿಚ್ಚಿನ ತಂತಿಗಳನ್ನು ಮುಟ್ಟಬೇಕಾದಲ್ಲಿ ಲೈಸೆನ್ಸುಳ್ಳ ಎಲೆಕ್ಟ್ರೀಷಿಯನ್ನನನ್ನೇ ಕರೆಯಿಸಬೇಕು. ಕೆಳಗಿನ ನಲ್ಲಿ ಬಿಟ್ಟು ಮುಳ್ಳು ಸೊನ್ನೆಗೆ ಬಂದ ಮೇಲೆ ಯೂನಿಯನ್ನನ್ನು ಪೈಪ್ ಪಾನದಿಂದ ಸಡಿಲಿಸತಕ್ಕದ್ದು. ಹಳೆಯ ಟ್ಯಾಂಕಿನಲ್ಲಿ ನೀರು ತುಂಬಿದ್ದರೆ ಒಬ್ಬನೇ ಎತ್ತಲು ಹೋಗಬಾರದು.

ಹೊಸ ಟ್ಯಾಂಕಿನ ಗಾಳಿಯನ್ನು ನೀರಿಗೆ ಜೋಡಿಸುವ ಮುಂಚೆಯೇ ಟೈರಿನ ಗೇಜಿನಿಂದ ಅಳೆಯಬೇಕು. ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವ ಕೆಲಸ ಇದೇ. ಪಂಪು ಹೊರಡುವ ಒತ್ತಡಕ್ಕಿಂತ ಗಾಳಿಯು 2 ಪೌಂಡು ಕಡಮೆಯಿರಬೇಕು: 30ಕ್ಕೆ ಹೊರಡುವ ಪಂಪಿಗೆ 28, 20ಕ್ಕೆ ಹೊರಡುವುದಕ್ಕೆ 18. ಗಾಳಿ ಹೆಚ್ಚಾದರೆ ಪಂಪು ಹೊರಡುವುದಕ್ಕೆ ಮೊದಲೇ ಚೀಲ ಬರಿದಾಗಿ ನಲ್ಲಿ ಒಂದು ಕ್ಷಣ ನಿಂತುಹೋಗುವುದು. ಕಡಮೆಯಾದರೆ ಸಿಕ್ಕುವ ನೀರು ಕುಗ್ಗಿ, ಚೀಲವು ಅತಿಯಾಗಿ ಹಿಗ್ಗಿ ಬೇಗ ಹರಿಯುವುದು. ಲಾರಿಯ ಟೈರಿಗೆ ತುಂಬುವ ಯಂತ್ರದಿಂದ ಅಳತೆಯಿಲ್ಲದೆ ಗಾಳಿ ಬಿಡಿಸುವುದು ಸರ್ವಥಾ ಕೂಡದು.

ಟ್ಯಾಂಕನ್ನು ಆರು ಅಂಗುಲ ಎತ್ತರದ ಸಿಮೆಂಟು ಕಟ್ಟೆಯ ಮೇಲೆ ನೆರಳಿನಲ್ಲಿ ನಿಲ್ಲಿಸತಕ್ಕದ್ದು. ಚಳ್ಳಕೆರೆಯ ಬೇಸಿಗೆಯ ಬಿಸಿಲಿಗೆ ರಬ್ಬರು ಒಣಗಿ ಸೀಳುತ್ತದೆ. ನೆಲದ ತೇವಕ್ಕೆ ಅಡಿಯ ಉಕ್ಕು ಸವೆಯುತ್ತದೆ. ತಿರುಪಿನ ಕೀಲುಗಳಿಗೆ ಟೆಫ್ಲಾನ್ ಟೇಪನ್ನು ಸುತ್ತಬೇಕು. ಟ್ಯಾಂಕಿಗೂ ಪ್ರೆಷರ್ ಸ್ವಿಚ್ಚಿಗೂ ನಡುವೆ ಯಾವ ವಾಲ್ವನ್ನೂ ಇಡಕೂಡದು. ಮರೆತು ಅದನ್ನು ಮುಚ್ಚಿದರೆ ಸ್ವಿಚ್ಚಿಗೆ ಟ್ಯಾಂಕಿನ ಒತ್ತಡ ತಿಳಿಯದೆ ಹೋಗುವುದು. ಒತ್ತಡ ಮಿತಿಮೀರಿದಾಗ ತಾನಾಗಿ ನೀರನ್ನು ಹೊರಬಿಡುವ ರಿಲೀಫ್ ವಾಲ್ವು ಇಲ್ಲದಿದ್ದರೆ ಇದೇ ಸಮಯದಲ್ಲಿ ಹಾಕಿಸುವುದು ಯೋಗ್ಯ. ಎಲ್ಲಾ ಕೂಡಿಸಿದ ಮೇಲೆ ಪಂಪನ್ನು ನಡೆಸಿ, ಮೊದಲ ಕೆಲವು ಬಕೀಟು ನೀರನ್ನು ಗಿಡಗಳಿಗೆ ಸುರಿದು, ಹಿಂದೆ ಹೇಳಿದ ಬಕೀಟಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಬಂದ ಲೆಕ್ಕವನ್ನು ತಾರೀಖಿನೊಡನೆ ಪಂಪಿನ ಮನೆಯ ಗೋಡೆಯ ಮೇಲೆ ಬರೆದಿಡಬೇಕು. ಗಾಳಿಯನ್ನು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ, ನೀರಿನ ಒತ್ತಡವನ್ನು ಸೊನ್ನೆಗಿಳಿಸಿ ಅಳೆಯತಕ್ಕದ್ದು. ಟೈರಿನ ಗೇಜು ಮನೆಮನೆಗೂ ಬೇಕಾದುದಲ್ಲ. ಗ್ರಾಮದ ಮುಖಂಡರು ಒಂದನ್ನು ತರಿಸಿಟ್ಟುಕೊಂಡರೆ ಊರಿಗೆಲ್ಲಾ ಸಾಲುತ್ತದೆ.